ಗಂಗಾ ಕರಣೆ ಹಿಡಿದದ್ದು

ಲಕ್ಷ್ಮಿಕಾಂತ ಸತ್ತದ್ದು ಫೆಬ್ರವರಿಯ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಕಟ್ಟುತ್ತಿದ್ದ ಮೂರಂತಸ್ತಿನ ಮನೆಯೊಂದರ ಎರಡನೇ ಮಹಡಿಯಲ್ಲಿ. ಅವನು ಗಾರೆ ಮೇಸ್ತ್ರಿ. ಅವನ ಹೆಂಡತಿ ಗಂಗಾ, ಅವನಿಗೆ ಗಾರೆ ಕಲಸಿ ಬಾಂಡ್ಲಿಗೆ ತುಂಬಿ ತಲೆಯ ಮೇಲೆ ಹೊತ್ತು ತಂದುಕೊಡುವ ಹೆಣ್ಣಾಳು. ಯಾದಗಿರಿ ಜಿಲ್ಲೆಯ ಹುಣಸಗಿ ಕಡೆಯ ಹಳ್ಳಿಯಿಂದ ಮದುವೆಯಾದ ವರ್ಷವೇ ಬಂದವರು, ಹನ್ನೆರಡು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದರು. ಮಕ್ಕಳಾಗಿರಲಿಲ್ಲ.

ಆ ದಿನ ಅವನು ಹಾಲ್‌ನ ಗೋಡೆಗೆ ಪ್ಲಾಸ್ಟರ್ ಮಾಡುತ್ತಿದ್ದ. ಅರ್ಧ ಗೋಡೆ ಮುಗಿದಿತ್ತು. ಗಂಗಾ ತಂದಿಟ್ಟ ಬಾಂಡ್ಲಿಯೊಳಗೆ ಕರಣೆ ಆಡಿಸಿ ನೋಡಿ, “ಗಾರಿ ತೆಳ್ಳಗಾಗ್ಯಾದ, ಉಸುಕು ಹಾಕು,” ಅಂದ. ಅವಳು ಬಾಂಡ್ಲಿ ಎತ್ತಿಕೊಂಡು ಕೆಳಗಿಳಿದು, ಎರಡು ಬೊಗಸೆ ಉಸುಕು ಸುರಿದು, ಸಲಿಕೆಯಿಂದ ಮಗುಚಿ ಮತ್ತೆ ಮೇಲೆ ಹತ್ತಿ ಬಂದಳು. ಅಷ್ಟರಲ್ಲಿ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಬೀಡಿ ಸೇದಲು ಕೂತಿರಬೇಕು ಅಂದುಕೊಂಡು ಬಾಂಡ್ಲಿ ಪಕ್ಕಕ್ಕಿಟ್ಟು, ಈಗ ಸರಿ ಅದನೋ ನೋಡು ಅಂದಳು. ಅವನು ನೋಡಲಿಲ್ಲ. ಕೈಯಲ್ಲಿ ಕರಣೆ ಹಾಗೇ ಇತ್ತು.

ಆಮೇಲೆ ನಡೆದದ್ದೆಲ್ಲ ಗಂಗಾಗೆ ನೆನಪಿದೆ, ಆದರೆ ಬೇರೆ ಯಾರಿಗೋ ನಡೆದದ್ದರ ಹಾಗೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಹೃದಯಾಘಾತ ಅಂದರು. ಕಂಟ್ರಾಕ್ಟರ್ ಸೂರ್ಯ ಒಂದು ಗಾಡಿ ಮಾಡಿಕೊಟ್ಟ. ಊರು ತಲುಪಿದಾಗ ಇಡೀ ಓಣಿ ಬಾಗಿಲಲ್ಲಿತ್ತು. ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತರು, ಬಳೆ ಒಡೆದರು, ಗಂಡಸರು ಮಣ್ಣು ಮಾಡಿ ಬಂದರು. ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ದಿನ ಕಳೆದ ಹಾಗೆ ಜನ ಅದನ್ನು ಗಮನಿಸತೊಡಗಿದರು. ಬೆಂಗಳೂರಿನ ನೀರು ಕುಡಿದವಳ ಎದೆ ಕಲ್ಲಾಗಿದೆ ಅಂತ ಒಬ್ಬಳು ಅಂದದ್ದು ಅವಳ ಕಿವಿಗೂ ಬಿತ್ತು. ಬಿದ್ದದ್ದು ಒಳಗೆ ಇಳಿಯಲಿಲ್ಲ.

ಅತ್ತೆ ಜಟ್ಟೆಮ್ಮನೂ ಅಳಲಿಲ್ಲ. ಅವಳು ಮಗ ಸೊಸೆಯ ಜೊತೆ ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲೇ ನಾಲ್ಕು ವರ್ಷದಿಂದ ಇದ್ದವಳು. ಅರವತ್ತು ದಾಟಿದ ಜೀವ. ಹನ್ನೊಂದನೇ ದಿನ ಮುಗಿದ ಮೇಲೆ ಮೈದುನ ಬಂದು, ಅವ್ವ ನಮ್ಮ ಹತ್ತಿರ ಇರಲಿ, ಅತ್ತಿಗೆ ತವರಿಗೆ ಹೋಗಲಿ ಅಂತ ಇತ್ಯರ್ಥ ಹೇಳಿದ. ಗಂಗಾ ತನ್ನ ಬಟ್ಟೆ ಮಡಿಚಿ ಗಂಟು ಕಟ್ಟಿದಳು. ಎಲ್ಲಿಗೆ ಕಳಿಸಿದರೂ ಹೋಗುತ್ತಿದ್ದಳೋ ಏನೋ. ಜಟ್ಟೆಮ್ಮ ಮಾತ್ರ ತನ್ನ ಬಟ್ಟೆಯ ಗಂಟು ಕಟ್ಟಿ ಸೊಸೆಯ ಗಂಟಿನ ಪಕ್ಕ ಇಟ್ಟಳು.

“ಇಲ್ಲಿ ಕೂತ್ರ ಎಲ್ಲಾರೂ ನಮ್ಮ ಮಾರಿ ನೋಡ್ತಾರ,” ಅಂದಳು. “ಅಲ್ಲಿ ಯಾರೂ ನೋಡಂಗಿಲ್ಲ. ನಡಿ.”

ಹೀಗೆ ಇಬ್ಬರೂ ವಾಪಸು ಬಂದರು.

ಬಂದ ಮೂರನೇ ದಿನ ಗಂಗಾ ಅದೇ ಕಟ್ಟಡಕ್ಕೆ ಕೆಲಸಕ್ಕೆ ಹೋದಳು. ಅಕ್ಕಪಕ್ಕದ ಕೋಣೆಯವರು ಮೂಗು ಮುರಿದರು. ಆದರೆ ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಂಡು ಹೊರಡುವುದು ಬಿಟ್ಟು ಬೇರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಎರಡನೇ ಮಹಡಿಯ ಹಾಲ್‌ನಲ್ಲಿ ಗೋಡೆ ಅರ್ಧಕ್ಕೇ ನಿಂತಿತ್ತು. ಸೂರ್ಯ ಬೇರೆ ಮೇಸ್ತ್ರಿಗೆ ಹೇಳಿದ್ದ, ಅವನು ಹೊಸಕೋಟೆ ಕಡೆ ಒಂದು ಕೆಲಸ ಹಿಡಿದು ಬಂದಿರಲಿಲ್ಲ. ಹೆಣ್ಣಾಳುಗಳು ಜಲ್ಲಿ ಹೊರುತ್ತಿದ್ದರು. ಗಂಗಾಗೆ ನೆಲ ಗುಡಿಸುವ ಕೆಲಸ ಹೇಳಿ ಸೂರ್ಯ ಸಿಮೆಂಟ್ ತರಲು ಹೋದ.

ಅವಳು ಗುಡಿಸಿದಳು. ಗುಡಿಸಿ ಮುಗಿದ ಮೇಲೆ ಗೋಡೆಯ ಮುಂದೆ ನಿಂತಳು. ಗಂಡ ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿ ಪ್ಲಾಸ್ಟರಿನ ಅಂಚು ಒಣಗಿ ಬಿರುಸಾಗಿತ್ತು. ಹಾಗೇ ಬಿಟ್ಟು ಮೇಲೆ ಗಾರೆ ಬಡಿದರೆ ಕೂಡುವುದಿಲ್ಲ, ಮಳೆಗಾಲದಲ್ಲಿ ಬಿರುಕು ಬಿಡುತ್ತದೆ. ಅಂಚನ್ನು ಉಳಿಯಿಂದ ಕೆತ್ತಬೇಕು, ನೀರು ಹೊಡೆಯಬೇಕು, ಸಿಮೆಂಟ್ ಹಾಲು ಬಳಿಯಬೇಕು. ಹನ್ನೆರಡು ವರ್ಷ ಅವನು ಮಾಡುವುದನ್ನು ನೋಡಿದ್ದಳು. ಯಾರೂ ಕಲಿಸಿರಲಿಲ್ಲ. ಕಲಿಸಬೇಕೆಂದು ಅವನಿಗಾಗಲಿ ಕಲಿಯಬೇಕೆಂದು ಅವಳಿಗಾಗಲಿ ಹೊಳೆದಿರಲೇ ಇಲ್ಲ. ಗಂಡಸು ಮೇಸ್ತ್ರಿ, ಹೆಂಗಸು ಆಳು, ಅಷ್ಟೇ. ಊರಿಂದ ಬಂದ ಎಲ್ಲರದೂ ಅದೇ ಲೆಕ್ಕ.

ಅವಳು ಅಂಚು ಕೆತ್ತಿದಳು. ನೀರು ಹೊಡೆದಳು. ಚೀಲದಲ್ಲಿ ಉಳಿದಿದ್ದ ಸಿಮೆಂಟಿನಿಂದ ಗಾರೆ ಕಲಸಿ ತಾನೇ ಹೊತ್ತು ತಂದು, ತಾನೇ ಕರಣೆಯಲ್ಲಿ ತೆಗೆದು ಗೋಡೆಗೆ ಬೀಸಿದಳು. ಮೊದಲಿನದು ಅರ್ಧ ಕೆಳಗೆ ಬಿತ್ತು. ಮುಂದಿನದು ನಿಂತಿತು. ಧೈರ್ಯ ಮಾಡಿದಳು ಅಂತ ಆಮೇಲೆ ಜನ ಕಥೆ ಕಟ್ಟಿ ಹೇಳಿದರು. ಧೈರ್ಯ ಏನೂ ಇರಲಿಲ್ಲ. ಹೆದರಿಕೆ ಇರಲಿಲ್ಲ, ಅಷ್ಟೇ. ಹೆದರಬೇಕಾದರೆ ಮನುಷ್ಯನಿಗೆ ಏನಾದರೂ ಅನಿಸಬೇಕು.

ಮಧ್ಯಾಹ್ನ ಸೂರ್ಯ ಮೇಲೆ ಬಂದಾಗ ಅವಳು ಹಸಿ ಗಾರೆ ಸಮ ಮಾಡಲು ಮರದ ಹಲಗೆಯಿಂದ ಗೋಡೆ ಉಜ್ಜುತ್ತಿದ್ದಳು. ಸೂರ್ಯ ಹಲಸೂರಿನಲ್ಲಿ ಹುಟ್ಟಿ ಬೆಳೆದವನು. ಮನೆಯಲ್ಲಿ ತಮಿಳು, ಕೆಲಸದಲ್ಲಿ ಎಲ್ಲ ಭಾಷೆ. ಬಾಯಿ ಜೋರು. ಆದರೆ ಅವತ್ತು ಮೊದಲು ರಸಮಟ್ಟ ತೆಗೆದು ಗೋಡೆಗೆ ಹಿಡಿದ. ಮೇಲೆ ಹಿಡಿದ, ಕೆಳಗೆ ಹಿಡಿದ, ಹಳೆಯದೂ ಹೊಸದೂ ಕೂಡುವಲ್ಲಿ ಹಿಡಿದ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಂತಿತು, ಗೋಡೆ ನೆಟ್ಟಗಿತ್ತು.

“ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?” ಅಂದ.

ಅವಳು ಹಲಗೆ ತೊಳೆಯಲು ಕೆಳಗೆ ಹೋದಳು.

ಅಲ್ಲಿಂದ ಸೂರ್ಯ ಅವಳಿಗೆ ಒಳಗಿನ ಗೋಡೆಗಳ ಕೆಲಸ ಕೊಡತೊಡಗಿದ. ಮನೆ ಮಾಲೀಕರು ಬರುವ ದಿನ ಮಾತ್ರ ಅವಳ ಕೈಗೆ ಬಾಂಡ್ಲಿ ಕೊಟ್ಟು ಒಬ್ಬ ಗಂಡಾಳನ್ನು ಗೋಡೆಯ ಮುಂದೆ ನಿಲ್ಲಿಸುತ್ತಿದ್ದ. ಹೆಂಗಸು ಪ್ಲಾಸ್ಟರ್ ಮಾಡಿದ್ದಾಳೆಂದರೆ ಕಣ್ಣಿಗೆ ಇಲ್ಲದ ಡೊಂಕು ಕಾಣುತ್ತದೆ ಅನ್ನುವುದು ಅವನ ಅನುಭವ. ಕೂಲಿಯೂ ಹೆಣ್ಣಾಳಿನದೇ, ಮೇಸ್ತ್ರಿಯ ಅರ್ಧ. ಗಂಗಾ ಇದ್ಯಾವುದನ್ನೂ ಕೇಳಲಿಲ್ಲ. ಬೆಳಿಗ್ಗೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಅತ್ತೆ ರೊಟ್ಟಿ ಬಡಿದು ಇಟ್ಟಿರುತ್ತಿದ್ದಳು. ಇಬ್ಬರೂ ಉಂಡು ಗೋಡೆಯ ಕಡೆ ಒಬ್ಬರು, ಬಾಗಿಲ ಕಡೆ ಒಬ್ಬರು ಮಲಗುತ್ತಿದ್ದರು; ಗಂಗಾಗೆ ಮಾತ್ರ ಬೆಳಗಿನವರೆಗೂ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ತಿಂಗಳುಗಟ್ಟಲೆ ಆ ಕೋಣೆಯಲ್ಲಿ ಲಕ್ಷ್ಮಿಕಾಂತನ ಹೆಸರು ಯಾರ ಬಾಯಿಂದಲೂ ಬರಲಿಲ್ಲ.

ಆ ವರ್ಷವೇ ಒಮ್ಮೆ ವಿಧವಾ ವೇತನಕ್ಕೆ ಅರ್ಜಿ ಹಾಕಲು ಅತ್ತೆ ಅವಳನ್ನು ಕೆ.ಆರ್. ಪುರಂಗೆ ಕರೆದುಕೊಂಡು ಹೋದಳು. ಅಲ್ಲಿನ ಬೆರಳಚ್ಚಿನ ಯಂತ್ರ ಅವಳ ಹೆಬ್ಬೆರಳನ್ನು ಹಿಡಿಯಲಿಲ್ಲ. ಕೂತಿದ್ದ ಹುಡುಗಿ ಹತ್ತೂ ಬೆರಳು ಒತ್ತಿಸಿ ನೋಡಿ, ಕೈ ತೊಳೆಸಿ ಮತ್ತೆ ಒತ್ತಿಸಿ, ಸಿಮೆಂಟ್ ಕೆಲಸದವರದು ಹೀಗೇ ಆಂಟಿ, ಗೆರೆಯೆಲ್ಲ ಸವೆದಿರುತ್ತೆ ಅಂತ ಕೊನೆಗೆ ಕಣ್ಣಿನ ಗುರುತು ತೆಗೆದಳು. ಗಂಗಾ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. ತುದಿಗಳು ನುಣ್ಣಗಿದ್ದವು. ಉಗುರಿನಿಂದ ಒತ್ತಿದರೂ ಅಷ್ಟಾಗಿ ತಿಳಿಯುತ್ತಿರಲಿಲ್ಲ.

ಸುಬ್ಬಲಕ್ಷ್ಮಿಯವರ ಪರಿಚಯವಾದದ್ದು ಮಾರನೇ ವರ್ಷದ ಶ್ರಾವಣದಲ್ಲಿ. ಅವರು ವಿಮಾ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗಂಡ ಹಯಗ್ರೀವ ತೀರಿಕೊಂಡ ಮೇಲೆ ಜೋಗುಪಾಳ್ಯದ ತಮ್ಮ ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ಬಚ್ಚಲ ಗೋಡೆ ನೀರು ಕುಡಿದು ಉಬ್ಬಿತ್ತು. ಸೂರ್ಯನಿಗೆ ಹೇಳಿ ಹೇಳಿ ಸಾಕಾಗಿತ್ತು. ಸಣ್ಣ ಕೆಲಸಕ್ಕೆ ಯಾವ ಮೇಸ್ತ್ರಿಯೂ ಬರುವುದಿಲ್ಲ. ಕೊನೆಗೆ ಅವನು ಗಂಗಾಳನ್ನು ಕಳಿಸಿದ.

ಬಾಗಿಲು ತೆಗೆದ ಸುಬ್ಬಲಕ್ಷ್ಮಿ ಅವಳ ಹಿಂದೆ ಯಾರಾದರೂ ಇದ್ದಾರೆಯೇ ಅಂತ ಬೀದಿಯ ಕಡೆ ಇಣುಕಿದರು.

“ಮೇಸ್ತ್ರಿ ಎಲ್ಲಮ್ಮ?”

“ಯಾರೂ ಇಲ್ರಿ. ನಾನೇ ಮಾಡ್ತೀನ್ರಿ.”

ಸುಬ್ಬಲಕ್ಷ್ಮಿ ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಒಳಗೆ ಬಿಟ್ಟುಕೊಂಡರು. ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಎರಡು ದಿನ ಕೂತು ನೋಡಿದರು. ಅಪನಂಬಿಕೆಯಿಂದ ಶುರುವಾದದ್ದು ಮೊದಲ ದಿನ ಸಂಜೆಯ ಹೊತ್ತಿಗೆ ಕುತೂಹಲವಾಗಿತ್ತು. ಹಳೆಯ ಪ್ಲಾಸ್ಟರನ್ನು ಎಲ್ಲಿಯತನಕ ಕೆತ್ತಬೇಕು, ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಗಂಗಾ ಗೋಡೆಗೆ ಕಿವಿಯಿಟ್ಟು ಕರಣೆಯ ಹಿಡಿಯಿಂದ ತಟ್ಟಿ ಹುಡುಕುವುದನ್ನು ನೋಡಿ, ಡಾಕ್ಟರ್ ಎದೆ ತಟ್ಟಿದ ಹಾಗಿದೆ ಅಂದರು. ಕೆಲಸ ಮುಗಿದ ಮೇಲೆ ಸೂರ್ಯನಿಗೆ ಫೋನ್ ಮಾಡಿ, ನೀವು ಕಳಿಸಿದ ಮೇಸ್ತ್ರಿಗೆ ಮೇಸ್ತ್ರಿ ಕೂಲಿಯನ್ನೇ ಕೊಡುತ್ತಿದ್ದೇನೆ, ನಿಮ್ಮ ಕೈಗಲ್ಲ ಅವಳ ಕೈಗೇ ಅಂತ ಹೇಳಿದರು. ಸೂರ್ಯ ಆ ಕಡೆಯಿಂದ ಏನೋ ಗೊಣಗಿದ. ಆದರೆ ಮುಂದಿನ ವಾರದಿಂದ ಅವನೂ ಅಷ್ಟೇ ಕೊಟ್ಟ. ಜೋಗುಪಾಳ್ಯ, ಹಲಸೂರು, ಇಂದಿರಾನಗರ ಅಂತ ಸುಬ್ಬಲಕ್ಷ್ಮಿಯ ಪರಿಚಯದ ಮನೆಗಳಿಂದ ಗಂಗಾಗೆ ಕರೆ ಬರತೊಡಗಿತು. ಒಂಟಿ ಹೆಂಗಸರಿದ್ದ ಮನೆಯವರಿಗೆ ಹೆಣ್ಣು ಮೇಸ್ತ್ರಿ ಬಂದರೆ ನೆಮ್ಮದಿ. ಇದೆಲ್ಲ ಒಳ್ಳೆಯದಾಯಿತು ಅಂತ ಗಂಗಾಗೆ ತಿಳಿಯುತ್ತಿತ್ತು. ಬಿಸಿಲಿದೆ ಅಂತ ಕಿಟಕಿಯಿಂದ ನೋಡಿ ತಿಳಿದ ಹಾಗೆ, ಅಷ್ಟೇ.

ಇಂದಿರಾನಗರದ ಒಂದು ಮನೆಯಲ್ಲೇ ಅವಳಿಗೆ, ಆ ಮನೆಯವರನ್ನು ನೋಡಲು ಬಂದಿದ್ದ ನಾಜಿಶ್ ಸಿಕ್ಕಳು. ಶಿವಾಜಿನಗರದ ಹುಡುಗಿ, ಸಿವಿಲ್ ಎಂಜಿನಿಯರಿಂಗ್ ಓದಿದವಳು. ನಾಲ್ಕೈದು ಜನ ಸೇರಿ ನಡೆಸುತ್ತಿದ್ದ ಪುಟ್ಟ ಸಂಸ್ಥೆಯೊಂದರಲ್ಲಿ ಹಳ್ಳಿ ಹೆಂಗಸರಿಗೆ ಕೆಲಸ ಕಲಿಸುವ ಜವಾಬ್ದಾರಿ ಹೊತ್ತಿದ್ದಳು. ಟೈಲರಿಂಗ್ ಕಲಿಸಿದ್ದರು, ಉಪ್ಪಿನಕಾಯಿ, ಅಗರಬತ್ತಿ ಎಲ್ಲ ಕಲಿಸಿದ್ದರು. ಊರಿಗೆ ಹತ್ತು ಜನ ಟೈಲರಾದ ಮೇಲೆ ಹೊಲಿಸುವವರು ಯಾರು ಅನ್ನುವ ಪ್ರಶ್ನೆಗೆ ಅವಳಲ್ಲಿ ಉತ್ತರ ಇರಲಿಲ್ಲ. ಗಂಗಾ ಅಡುಗೆಮನೆಯ ಗೋಡೆಗೆ ಗಾರೆ ಹೊಡೆಯುವುದನ್ನು ನೋಡುತ್ತ, ನಿಮ್ಮ ಊರಲ್ಲಿ ಮನೆ ಯಾರು ಕಟ್ಟುತ್ತಾರೆ ಅಂತ ಕೇಳಿದಳು.

ಗಂಗಾ ಯೋಚಿಸಿ ಹೇಳಿದಳು. ಯಾರೂ ಕಟ್ಟುವುದಿಲ್ಲ. ಮೇಸ್ತ್ರಿಗಳೆಲ್ಲ ಬೆಂಗಳೂರಿನಲ್ಲಿದ್ದಾರೆ. ಮಂಜೂರಾದ ಮನೆಗಳ ಪಾಯ ಎದ್ದು ಮೂರು ವರ್ಷವಾದರೂ ಗೋಡೆ ಏಳುವುದಿಲ್ಲ. ಯುಗಾದಿಗೋ ಜಾತ್ರೆಗೋ ಗಂಡಸರು ಬಂದಾಗ ಎರಡು ವರಸೆ ಇಟ್ಟಿಗೆ ಇಟ್ಟು ಹೋಗುತ್ತಾರೆ. ಶೌಚಾಲಯದ ಗುಂಡಿ ತೋಡಿ ಹಾಗೇ ಬಿಟ್ಟದ್ದರಲ್ಲಿ ಮೇಕೆ ಬಿದ್ದದ್ದಿದೆ. ಊರಲ್ಲಿ ಇರುವವರು ಹೆಂಗಸರು, ಅವರು ಕಾಯುತ್ತಾರೆ.

ಮಾರನೇ ವಾರ ನಾಜಿಶ್ ಸುಬ್ಬಲಕ್ಷ್ಮಿಯವರನ್ನೂ ಕರೆದುಕೊಂಡು ರಾಮಮೂರ್ತಿ ನಗರದ ಕೋಣೆಗೇ ಬಂದಳು. ಹುಣಸಗಿ ಕಡೆಯ ಹಳ್ಳಿಗಳಿಂದ ಒಂಬತ್ತು ಹೆಂಗಸರನ್ನು ಒಂದೂವರೆ ತಿಂಗಳು ಇಲ್ಲಿಗೆ ಕರೆಸುತ್ತೇವೆ, ಕೆ.ಆರ್. ಪುರಂನಲ್ಲಿ ಒಂದು ಶೆಡ್ ಇದೆ, ಗಂಗಕ್ಕ ಕಲಿಸಬೇಕು ಅಂತ ನಾಜಿಶ್ ಕೇಳಿದಳು. ಗಂಗಾ ಆಗುವುದಿಲ್ಲ ಅಂದಳು. ತನಗೆ ಮಾತು ಬರುವುದಿಲ್ಲ, ಓದು ಬರುವುದಿಲ್ಲ. ನಾಜಿಶ್ ಮತ್ತೆ ಮತ್ತೆ ಕೇಳಿದಷ್ಟೂ ಅವಳು ತಲೆ ಅಲ್ಲಾಡಿಸಿದಳು. ಒಲೆಯ ಮುಂದೆ ಕೂತಿದ್ದ ಜಟ್ಟೆಮ್ಮ ಆಗ ಈ ಕಡೆ ತಿರುಗಿದಳು.

“ಅವನಿಗಿ ಬರೂದೆಲ್ಲಾ ಅವನ ಜೊತಿ ಮಣ್ಣಾಗಿ ಹೋತು,” ಅಂದಳು. “ನೀನೂ ಹಂಗೇ ಒಯ್ಬ್ಯಾಡ. ಅವ್ರಿಗಿ ಕಲಿಸು.”

ಸತ್ತ ಮಗನ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಗಂಗಾ ಒಪ್ಪಿಕೊಂಡಳು.

ಹೆಂಗಸರು ಬಂದದ್ದು ಜನವರಿಯಲ್ಲಿ. ಅಲ್ಲೇ ಹತ್ತಿರದ ಒಂದು ಸಮುದಾಯ ಭವನದ ಮೇಲ್ಮಹಡಿಯಲ್ಲಿ ಇಳಿಸಿದ್ದರು. ಹೋಟೆಲಿನ ಅನ್ನ ಅವರಿಗೆ ಎರಡೇ ದಿನಕ್ಕೆ ಸಾಕಾಯಿತು. ಜಟ್ಟೆಮ್ಮ ತಾನೇ ಹೋಗಿ ಒಲೆ ಹೂಡಿ ದಿನಕ್ಕೆ ಐವತ್ತು ರೊಟ್ಟಿ ಬಡಿಯತೊಡಗಿದಳು. ಪುಂಡಿಪಲ್ಯ, ಹಿಂಡಿ, ಶೇಂಗಾ ಚಟ್ನಿ. ನೋಡನೋಡುತ್ತ ಮುದುಕಿಯ ದನಿ ಎತ್ತರವಾಯಿತು. ಉಪ್ಪು ಕಡಿಮೆ ಅಂದವಳನ್ನು ಗದರಿದಳಂತೆ.

ಶೆಡ್ಡಿನಲ್ಲಿ ಗಂಗಾ ಮೊದಲ ದಿನ ಇಟ್ಟಿಗೆ ಜೋಡಿಸಿ ಸೊಂಟದೆತ್ತರ ಗೋಡೆ ಎಬ್ಬಿಸಿದಳು. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು, ಗೋಡೆ ನೆಟ್ಟಗಿರುವುದನ್ನು ತೋರಿಸಿದಳು. ಆಮೇಲೆ ಗೋಡೆಯನ್ನು ಕಾಲಿನಿಂದ ದೂಡಿ ಬೀಳಿಸಿ, ನೀವು ಕಟ್ಟಿ ಅಂದಳು. ಹಸಿ ಮಣ್ಣಲ್ಲಿ ಕಟ್ಟುವುದು, ಸಂಜೆ ಬೀಳಿಸುವುದು, ಇಟ್ಟಿಗೆ ಕೆರೆದು ಒಟ್ಟುವುದು. ಎಂಟು ದಿನ ಇದೇ. ಅಷ್ಟೊತ್ತಿಗೆ ಒಬ್ಬಳು ಜ್ವರ ಬಂತೆಂದು ಊರಿಗೆ ಹೋದಳು. ಹನ್ನೊಂದನೇ ದಿನ ಇನ್ನೊಬ್ಬಳ ಗಂಡ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಊರಲ್ಲಿ ನಗುತ್ತಾರೆ, ಹೆಂಡತಿ ಬೊಂಬು ಕಟ್ಟಿದ ಸಾರವೆ ಹತ್ತಿದರೆ ತಾನು ತಲೆ ಎತ್ತಿ ತಿರುಗುವುದು ಹೇಗೆ ಅಂದ. ನಾಜಿಶ್ ಅವನ ಜೊತೆ ಒಂದು ಗಂಟೆ ವಾದ ಮಾಡಿದಳು. ಅವನ ಹೆಂಡತಿ ಕೈಯ ಮಣ್ಣು ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಅವನ ಹಿಂದೆ ಹೋದಳು. ನಾಜಿಶ್‌ಗೆ ಕಣ್ಣಲ್ಲಿ ನೀರು ಬಂತು. ಗಂಗಾ ಆ ಹೆಂಗಸು ಬಿಟ್ಟುಹೋದ ಮೂಲೆಯನ್ನು ನೋಡಿದಳು. ಒಂಬತ್ತು ಜನರಲ್ಲಿ ಅವಳ ಕೈಯೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಉಳಿದ ಏಳು ಜನರಲ್ಲಿ ಭೀಮಬಾಯಿ ಅನ್ನುವವಳು ಮಾತಿನ ಮಲ್ಲಿ. ಇಪ್ಪತ್ತಾರು ವರ್ಷ, ಎರಡು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಅವಳ ಮನೆಯ ಪಾಯ ನಾಲ್ಕು ವರ್ಷದಿಂದ ಜಾಲಿ ಮುಳ್ಳು ಬೆಳೆಸಿಕೊಂಡು ನಿಂತಿತ್ತು. ಒಂದು ಮಧ್ಯಾಹ್ನ ಎಲ್ಲರ ಎದುರೇ ಕೇಳಿದಳು.

“ಅಕ್ಕಾ, ನೀ ನಗಾದೇ ಇಲ್ಲೇನು?”

“ಗುಂಡು ನೋಡು,” ಅಂದಳು ಗಂಗಾ. “ನಿನ್ನ ಗೋಡಿ ಹೊಟ್ಟಿ ಬಿಟ್ಟದ.”

ಎಲ್ಲರೂ ನಕ್ಕರು. ಭೀಮಬಾಯಿ ಗೋಡೆ ಬಿಚ್ಚಿದಳು.

ಕೊನೆಯ ವಾರ ಅವರು ಶೆಡ್ಡಿನ ಪಕ್ಕದಲ್ಲೇ ಒಂದು ನಿಜವಾದ ಶೌಚಾಲಯ ಕಟ್ಟಿದರು. ಬೀಳಿಸುವ ಮಾತಿಲ್ಲದ ಮೊದಲ ಗೋಡೆ. ಅದಕ್ಕೆ ಪ್ಲಾಸ್ಟರ್ ಮಾಡುವಾಗ ಭೀಮಬಾಯಿ ಯಾರೂ ಹೇಳದೆಯೇ ಗುಂಡು ಇಳಿಬಿಟ್ಟು ನೋಡಿದಳು.

ಅವರನ್ನು ಕಳಿಸಿಕೊಡುವ ಮುನ್ನ ಇಂದಿರಾನಗರದ ಒಂದು ಸಭಾಂಗಣದಲ್ಲಿ ಸಮಾರಂಭ ಇಟ್ಟಿದ್ದರು. ಗಂಗಾಗೆ ಶಾಲು ಹೊದಿಸಿ, ಹಾರ ಹಾಕಿದರು. ಗ್ರಾಮೀಣ ಮಹಿಳೆಯರ ಬದುಕಿಗೆ ಬೆಳಕು ಅಂತೆಲ್ಲ ಒಬ್ಬರು ಮಾತಾಡಿದರು. ಆಮೇಲೆ ನಿರೂಪಣೆ ಮಾಡುತ್ತಿದ್ದ ಹೆಣ್ಣುಮಗಳು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, ಈ ಕ್ಷಣದಲ್ಲಿ ನಿಮಗೆ ಏನನಿಸುತ್ತಿದೆ ಅಂತ ಕೇಳಿದಳು.

ಸುಳ್ಳು ಹೇಳುವುದು ಗಂಗಾಗೆ ಹೊಳೆಯಲಿಲ್ಲ.

“ಏನೂ ಅನಸವಲ್ದ್ರಿ,” ಅಂದಳು.

ಸಭೆಯಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು, ಅದನ್ನು ವಿನಯವೆಂದು ತಿಳಿದು ಎಲ್ಲರೂ ತಟ್ಟಿದರು. ಸುಬ್ಬಲಕ್ಷ್ಮಿ ತಟ್ಟಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಅವಳ ಪಕ್ಕ ಕೂತರು.

“ನಮ್ಮನೆಯವರು ಹೋದ್ಮೇಲೆ ನಾನು ಎರಡು ವರ್ಷ ಆಫೀಸಿಗೆ ಹೋಗ್ತಾ ಇದ್ದೆ, ಬರ್ತಾ ಇದ್ದೆ,” ಅಂದರು. “ಒಂದು ಫೈಲ್ ತಪ್ಪು ಮಾಡ್ಲಿಲ್ಲ. ಎಲ್ಲಾರೂ ಎಷ್ಟು ಗಟ್ಟಿಗಿತ್ತಿ ಅಂದ್ರು. ಗಟ್ಟಿ ಅಲ್ಲಮ್ಮ ಅದು. ನಾನು ಅಲ್ಲಿ ಇರ್ಲೇ ಇಲ್ಲ.”

ಆಮೇಲೆ ಬಂದಿರೇನು ಅಂತ ಗಂಗಾ ಕೇಳಿದಳು. ಬಂದೆ, ಯಾವಾಗ ಅಂತ ಗೊತ್ತಿಲ್ಲ ಅಂದರು ಸುಬ್ಬಲಕ್ಷ್ಮಿ. ಅಷ್ಟರಲ್ಲಿ ಜೋಗುಪಾಳ್ಯ ಬಂತು.

ಊರಿಗೆ ಹೋದ ಏಳು ಜನರಲ್ಲಿ ಮೂವರು ಕರಣೆಯನ್ನು ಅಟ್ಟಕ್ಕೆ ಹಾಕಿದರು. ಒಬ್ಬಳು ಬಸುರಿಯಾದಳು, ಇಬ್ಬರಿಗೆ ಮನೆಯವರು ಬಿಡಲಿಲ್ಲ. ನಾಲ್ವರು ಉಳಿದರು. ಮೊದಲು ಭೀಮಬಾಯಿಯ ಮನೆಯ ಪಾಯದ ಜಾಲಿ ಕಡಿದು ಗೋಡೆ ಎಬ್ಬಿಸಿದರು. ಊರಿನ ಗಂಡಸರು ಕಟ್ಟೆಯ ಮೇಲೆ ಕೂತು, ಮಳೆ ಬರಲಿ ನೋಡೋಣ ಅಂದರು. ಮಳೆ ಬಂತು, ಗೋಡೆ ನಿಂತಿತು. ಆಮೇಲೆ ಪಕ್ಕದ ಓಣಿಯ ಒಬ್ಬ ಮುದುಕಿ ತನ್ನದನ್ನೂ ಕಟ್ಟಿಕೊಡಿ ಅಂತ ಬಂದಳು. ಪಂಚಾಯಿತಿಯವರು ಅಂಗನವಾಡಿಯ ಅಡುಗೆಕೋಣೆಯ ಕೆಲಸ ಕೊಡಲು ಆರು ತಿಂಗಳು ಅಲೆದಾಡಿಸಿ ಕೊನೆಗೆ ಕೊಟ್ಟರು. ಭೀಮಬಾಯಿ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದಳು. ಮೂಲೆ ಕೂಡುತ್ತಿಲ್ಲ ಅನ್ನುವಳು, ಕಿಟಕಿಯ ಮೇಲಿನ ಲಿಂಟೆಲ್ ಹೇಗೆ ಅಂತ ಕೇಳುವಳು. ಗಂಗಾ ಸಾರವೆಯ ಮೇಲೆ ನಿಂತೇ ಉತ್ತರ ಹೇಳುತ್ತಿದ್ದಳು.

ಅಂಗನವಾಡಿಯ ಕೆಲಸ ಮುಗಿದಾಗ ಜಟ್ಟೆಮ್ಮ ಒಬ್ಬಳೇ ರೈಲು ಹತ್ತಿ ಊರಿಗೆ ಹೋದಳು. ಮಗನನ್ನು ಮಣ್ಣು ಮಾಡಿದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಎಂಟು ದಿನಕ್ಕೆ ಅಂತ ಹೋದವಳು ಇಪ್ಪತ್ತು ದಿನ ಇದ್ದು, ಒಂದು ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಡಲೆಯ ಗಂಟು ಹೊತ್ತುಕೊಂಡು ವಾಪಸು ಬಂದಳು. ಚಹಾ ಕುಡಿದು, ಗೋಡೆಗೆ ಒರಗಿ ಕಾಲು ಚಾಚಿ ಕೂತಳು.

“ಭೀಮಬಾಯಿ ಊರಾಗಿನ ಅಂಗನವಾಡಿ ಒಳಗ ಹೋಗಿ ಗೋಡಿಗಿ ಕೈಯಿಟ್ಟು ನೋಡ್ದೆ,” ಅಂದಳು. “ಹಲಗಿ ಎಳದ ಗೆರಿ ಅವನದೇ. ಲಕ್ಷ್ಮಿಕಾಂತ ಎಡಕ್ಕ ಎಳೀತಿದ್ನಲ್ಲ, ಹಂಗ. ಆ ಹುಡುಗಿ ಅವನ್ನ ಕಂಡೇ ಇಲ್ಲ.”

ತಾನು ಎಡಕ್ಕೆ ಎಳೆಯುತ್ತೇನೆಂಬುದು ಗಂಗಾಗೆ ಗೊತ್ತಿರಲಿಲ್ಲ. ಅವಳು ತನ್ನ ಬಲಗೈಯನ್ನು ಮಡಿಲ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಎದೆಯ ಹತ್ತಿರ ಎಲ್ಲೋ ಏನೋ ಅಲುಗಿದ ಹಾಗಾಯಿತು. ಅಳು ಬರಬಹುದು ಅಂದುಕೊಂಡಳು, ಬರಲಿಲ್ಲ.

ಜಟ್ಟೆಮ್ಮ ಮಾತು ಮುಂದುವರಿಸಿದಳು. ಗಂಡ ಬಂದು ಕರೆದೊಯ್ದಿದ್ದನಲ್ಲ, ಆ ಹೆಂಗಸು ಈಗ ಭೀಮಬಾಯಿಯವರ ಕೆಲಸಕ್ಕೆ ನೀರು ಹೊರುವ ನೆಪ ಮಾಡಿಕೊಂಡು ಬರುತ್ತಾಳಂತೆ, ಬಂದವಳು ಎರಡು ವರಸೆ ಇಟ್ಟೇ ಹೋಗುವುದಂತೆ. ಅವಳ ಗಂಡನಿಗೂ ಗೊತ್ತು, ಗೊತ್ತಿಲ್ಲದ ಹಾಗೆ ಇದ್ದಾನೆ. ಭೀಮಬಾಯಿಯ ಸಣ್ಣ ಮಗನ ಹಲ್ಲು ಬಿದ್ದಿವೆ. ಈ ಸಲ ತೊಗರಿ ಚೆನ್ನಾಗಿದೆ. ನಿನ್ನ ಮೈದುನ ಮನೆಗೆ ಕರೆದು ಊಟ ಹಾಕಿದ, ಸೀರೆ ಕೊಟ್ಟ, ನಿನ್ನನ್ನೂ ಕೇಳಿದ. ಹೀಗೆ ಒಂದಕ್ಕೊಂದು ಸೇರಿಸಿಕೊಂಡು ಅವಳು ಹೇಳುತ್ತಲೇ ಇದ್ದಳು. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಮಾತು ಮುಗಿಯುವ ಮೊದಲೇ, ಕೂತಲ್ಲೇ, ಗಂಗಾಗೆ ನಿದ್ದೆ ಹತ್ತಿತು. ಜಟ್ಟೆಮ್ಮ ಅವಳನ್ನು ಮೆಲ್ಲಗೆ ಮಲಗಿಸಿ, ತಲೆಯ ಕೆಳಗೆ ಕಡಲೆಯ ಗಂಟನ್ನೇ ಸರಿಸಿ, ಬಾಗಿಲು ಮುಂದೆ ಮಾಡಿದಳು.